ಪಾಯಸ ಮುಂದೆ ಹೋಗಿತ್ತಂತೆ

"ಸರ್, ಪಾಯಸ ಮುಂದೆ ಹೋಗಿಬಿಟ್ಟಿದೆಯೇನೋ?"

ಇವತ್ತು ಸಂಜೆ ಐದೂವರೆಗೆ, ಹದಿನಾಲ್ಕು ಜನ ಇದ್ದ ಕಾಲ್‌ನಲ್ಲಿ, ನನ್ನನ್ನು ಕೇಳಿದ ಪ್ರಶ್ನೆ ಇದು. ಈಗ ರಾತ್ರಿ ಹನ್ನೊಂದು. ಊಟ ಆಯಿತು, ಪಾತ್ರೆ ತೊಳೆದದ್ದಾಯಿತು, ನಾಳೆಯ ಅಂಗಿಗೆ ಇಸ್ತ್ರಿ ಹಾಕಿದ್ದೂ ಆಯಿತು. ಆ ಮಾತು ಮಾತ್ರ ಕಿವಿ ಬಿಟ್ಟು ಹೋಗುತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಆ ಹುಡುಗಿ ಮೇಲೆ ನನಗೆ ಕೋಪ ಇಲ್ಲ. ಕೋಪ ಇರೋದು ಲಿಂಕರ್ ಮೇಲೆ, ಅಂದರೆ ಕೋಡಿನ ಬಿಡಿ ತುಂಡುಗಳನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್ ಮೇಲೆ. ಸರಿ, ಹುಡುಗಿ ಮೇಲೂ ಚೂರು ಇದೆ. ಇಲ್ಲ, ಇಲ್ಲ. ಪಾಪ, ಅವಳೇನು ಮಾಡಿದಳು. ಲಿಂಕರ್ ಮೇಲೆ ಮಾತ್ರ.

ಮಂಗಳವಾರದಿಂದ ನನ್ನ ಸ್ಕ್ರೀನ್ ಮೇಲೆ ಇದ್ದದ್ದು ಎರಡೇ ಸಾಲು. "ಅನ್‌ಡಿಫೈನ್ಡ್ ರೆಫರೆನ್ಸ್ ಟು ರೀಡ್_ಫ್ರೇಮ್." ರೀಡ್_ಫ್ರೇಮ್ ಅನ್ನೋ ಫಂಕ್ಷನ್ ಎಲ್ಲೂ ಸಿಗಲಿಲ್ಲ ಅಂತ. ಅದರ ಕೆಳಗೆ ಎಂದಿನ ಮಂಗಳ, "ಕಲೆಕ್ಟ್2: ಎರರ್: ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್." ಎರಡನೇ ಸಾಲಿನ ಅರ್ಥ ಗೊತ್ತಾ? ಲಿಂಕರ್ ಕೈಲಿ ಆಗಲಿಲ್ಲ ಅಂತ, ಅಷ್ಟೇ. ಅಷ್ಟು ಹೇಳೋಕೆ ಒಂದು ಸಾಲು ಖರ್ಚು ಮಾಡಬೇಕಾ? ಆಗಲಿಲ್ಲ ಅನ್ನೋದು ನಮಗೂ ಕಾಣುತ್ತಿದೆಯಲ್ಲಪ್ಪ.

ಅದೇ ಕೋಡ್, ಹೇಗೆ ಬಿಲ್ಡ್ ಮಾಡಬೇಕು ಅಂತ ಬರೆದಿಟ್ಟ ಅದೇ ಮೇಕ್‌ಫೈಲ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಚಕ್ಕಂತ ಬಿಲ್ಡ್ ಆಗುತ್ತೆ. ಹೊಸ ಸರ್ವರ್‌ನಲ್ಲಿ ಆಗಲ್ಲ. ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04, ಸರ್ವರ್‌ನಲ್ಲಿ 20.04. ಹಾಗಾಗಿ ಕಂಪೈಲರ್, ಅಂದರೆ ಜಿಸಿಸಿ, ಅದರ ವರ್ಷನ್ನೇ ಕಾರಣ ಅಂದುಕೊಂಡೆ. ಬದಲಾಯಿಸಿದೆ. ಮತ್ತೆ ಅದೇ ಎರಡು ಸಾಲು. ಹಳೆಯ ಬಿಲ್ಡ್ ಅಳಿಸುವ ಮೇಕ್ ಕ್ಲೀನ್ ಎಷ್ಟು ಸಲ ಹೊಡೆದೆನೋ ಲೆಕ್ಕ ಇಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವವರೂ ಅಷ್ಟು ಶ್ರದ್ಧೆಯಿಂದ ಹಾಕಲ್ಲ. ಸಿದ್ಧ ಫಂಕ್ಷನ್‌ಗಳ ಗಂಟು, ಅಂದರೆ ಲೈಬ್ರರಿ, ಅದರ ಡಾಟ್ ಎ ಫೈಲನ್ನು ಅಳಿಸಿ ಮತ್ತೆ ಕಟ್ಟಿದೆ. ಫೈಲ್ ಇರುವ ಫೋಲ್ಡರ್ ಸರಿ ಇದೆಯಾ ಅಂತ ಅಕ್ಷರ ಅಕ್ಷರ ಓದಿದೆ. ಸರಿ ಇತ್ತು.

ಎನ್‌ಎಂ ಕಮಾಂಡ್ ಕೊಟ್ಟು ಲೈಬ್ರರಿ ಒಳಗೆ ಇಣುಕಿದೆ. ರೀಡ್_ಫ್ರೇಮ್ ಇದೆ! ಪಕ್ಕದಲ್ಲಿ ದೊಡ್ಡಕ್ಷರದ ಟಿ. ಅಂದರೆ ಫಂಕ್ಷನ್ ಇಲ್ಲೇ ಇದೆ, ಕೋಡ್ ಸಮೇತ ಇದೆ ಅಂತ. ನಮ್ಮ ಕೋಡ್ ಕಂಪೈಲ್ ಆಗಿ ಬಂದ ಮೇನ್ ಡಾಟ್ ಓ ಒಳಗೆ ಇಣುಕಿದೆ. ಅದೇ ಹೆಸರು, ಪಕ್ಕದಲ್ಲಿ ಯು. ಅಂದರೆ ನನಗಿದು ಬೇಕು, ಯಾರಾದರೂ ಕೊಡಿ ಅಂತ. ಒಬ್ಬ ಬೇಕು ಅಂತಾನೆ, ಇನ್ನೊಬ್ಬ ಇದೆ ಅಂತಾನೆ. ಮಧ್ಯದ ದಲ್ಲಾಳಿ ಮಾತ್ರ ಅಂಥ ಹೆಸರನ್ನೇ ಕೇಳಿಲ್ಲ ಅಂತಾನೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಆ ಕಥೆ.

ಎರಡು ದಿನ ಹೀಗೇ ಹೋಯಿತು. ಇವತ್ತು ಮಧ್ಯಾಹ್ನ ಮ್ಯಾನೇಜರ್, "ಎಲ್ಲರೂ ಒಟ್ಟಿಗೆ ನೋಡೋಣ, ಸ್ಕ್ರೀನ್ ಶೇರ್ ಮಾಡಿ" ಅಂದರು. ಎಲ್ಲರೂ ಒಟ್ಟಿಗೆ! ಇದೇನು ಗುಂಪು ಫೋಟೋನಾ?

ಮಾಡಿದೆ. "ಅಕ್ಷರ ಕಾಣಿಸ್ತಿಲ್ಲ, ದೊಡ್ಡದು ಮಾಡಿ" ಅಂದರು. ಮಾಡಿದೆ. ಇನ್ನೂ ದೊಡ್ಡದು ಅಂದರು. ಈಗ ನಾನು ಹೊಡೆಯುವ ಒಂದೊಂದು ಅಕ್ಷರವೂ ಬಸ್ಸಿನ ಬೋರ್ಡಿನ ಹಾಗೆ ಎಲ್ಲರಿಗೂ ಕಾಣುತ್ತಿದೆ. ಕೈ ನಡುಗಿ 'ಮೇಕ್' ಅನ್ನೋದನ್ನೇ ತಪ್ಪು ಹೊಡೆದೆ. ಎರಡು ಸಲ. ಯಾರೋ ಮ್ಯೂಟ್ ಮಾಡದೆ ಚಿಪ್ಸ್ ತಿನ್ನುತ್ತಿದ್ದರು. ಆ ಕರಕರ ಸದ್ದು ಇನ್ನೂ ನೆನಪಿದೆ ನೋಡಿ.

ಎರರ್ ಬಂತು. ಎಲ್ಲರೂ ಸುಮ್ಮನೆ. ಆಗ ನನ್ನ ಹನ್ನೊಂದು ವರ್ಷದ ಅನುಭವ ಇದೆಯಲ್ಲ, ಅದು ಬಾಯಿ ತೆರೆಯಿತು. "ಇದು ಎಬಿಐ ಸಮಸ್ಯೆ ಇರಬೇಕು" ಅಂದೆ. ಕಂಪೈಲ್ ಆದ ತುಂಡುಗಳು ಒಂದಕ್ಕೊಂದು ಹೊಂದಿಕೊಳ್ಳುವ ನಿಯಮಕ್ಕೆ ಎಬಿಐ ಅನ್ನುತ್ತಾರೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 2015ರಲ್ಲಿ ಜಿಸಿಸಿ 5 ಬಂದಾಗ ಸಿ++ ಸ್ಟ್ರಿಂಗ್‌ನ ಒಳಗಿನ ರಚನೆ ಹೇಗೆ ಬದಲಾಯಿತು, ಹಳೆಯದರಲ್ಲಿ ಕಟ್ಟಿದ ಲೈಬ್ರರಿ ಹೊಸದಕ್ಕೆ ಯಾಕೆ ಅಂಟಿಕೊಳ್ಳಲ್ಲ, ಎಲ್ಲ ಹೇಳಿದೆ. ಹತ್ತು ನಿಮಿಷ. ಹೇಳಿದ್ದೆಲ್ಲ ನಿಜ, ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಪ್ರಾಜೆಕ್ಟ್ ಇರೋದು ಅಪ್ಪಟ ಸಿಯಲ್ಲಿ. ಸಿ++ ಇಲ್ಲ, ಅದರ ಸ್ಟ್ರಿಂಗೂ ಇಲ್ಲ. ಜ್ವರ ಬಂದವನ ಮುಂದೆ ಕೂತು ಮೂಳೆ ಮುರಿತದ ಬಗ್ಗೆ ಭಾಷಣ ಮಾಡಿದ ಹಾಗಾಯಿತು. ಮ್ಯಾನೇಜರ್ ತಲೆ ಆಡಿಸುತ್ತಾ ಬರೆದುಕೊಳ್ಳುತ್ತಿದ್ದರು. ಅದನ್ನು ನೆನೆಸಿಕೊಂಡರೆ ಇನ್ನೂ ಹೊಟ್ಟೆ ಉರಿಯುತ್ತೆ.

ಆಗ ಒಂದು ಮೈಕ್ ಆನ್ ಆಯಿತು. ಜುಲೈನಲ್ಲಿ ಸೇರಿದ ಇಂಟರ್ನ್. ಅದುವರೆಗೆ ಯಾವ ಕಾಲ್‌ನಲ್ಲೂ ಬಾಯಿ ಬಿಟ್ಟವಳಲ್ಲ. ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ, ಕನ್ನಡದಲ್ಲೇ:

"ಸರ್, ಪಾಯಸ ಮುಂದೆ ಹೋಗಿಬಿಟ್ಟಿದೆಯೇನೋ?"

ಚಿಪ್ಸ್ ತಿನ್ನುವ ಸದ್ದು ನಿಂತಿತು.

ನನಗೆ ಆ ಕ್ಷಣಕ್ಕೇ ಅರ್ಥವಾಯಿತು. ಅದೇ ಕಷ್ಟ. ಅರ್ಥವಾಗದಿದ್ದರೆ "ಆಮೇಲೆ ನೋಡೋಣಮ್ಮ" ಅಂತ ದಾಟಿಸಿಬಿಡುತ್ತಿದ್ದೆ. ಕಿವಿ ಬಿಸಿಯಾಯಿತು. ಪುಣೆಯ ಕಡೆಯ ಸಹೋದ್ಯೋಗಿಯೊಬ್ಬರು, "ಪಾಯಸ ಅಂದರೆ ಏನು?" ಅಂತ ಕೇಳಿದರು. "ಖೀರ್" ಅಂತ ಇನ್ಯಾರೋ ಅಂದರು. "ಖೀರಿಗೂ ಬಿಲ್ಡಿಗೂ ಏನು ಸಂಬಂಧ?" ಅಂತ ಮ್ಯಾನೇಜರ್. ಅವಳು ಹೆದರಿಕೊಂಡೇ ಹೇಳಿದಳು, "ಟ್ರೈನಿಂಗ್‌ನಲ್ಲಿ ಸರ್ ಅವರೇ ಹೇಳಿಕೊಟ್ಟಿದ್ದರು." ಕೊಂಕಿಲ್ಲ, ವ್ಯಂಗ್ಯ ಇಲ್ಲ. ನಿಜವಾದ ಗೌರವದಿಂದ ಹೇಳಿದಳು. ವ್ಯಂಗ್ಯ ಮಾಡಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಗೌರವಕ್ಕೆ ಏನು ಉತ್ತರ ಕೊಡೋದು?

ಹೌದು. ಜುಲೈನಲ್ಲಿ ಹೊಸಬರಿಗೆ ಪಾಠ ಮಾಡಿದವನು ನಾನೇ. ಲಿಂಕರ್ ಅಂದರೆ ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವನ ಹಾಗೆ ಅಂತ ಹೇಳಿದವನೂ ನಾನೇ. ಕಮಾಂಡ್ ಸಾಲನ್ನು ಎಡದಿಂದ ಬಲಕ್ಕೆ ಒಂದೇ ಸಲ ನಡೆದು ಹೋಗುತ್ತಾನೆ. ಲೈಬ್ರರಿ ಅಂದರೆ ಪಾಯಸದ ಬಕೆಟ್. ಅದು ಬರುವ ಹೊತ್ತಿಗೆ ಎಲೆ ಮುಂದೆ ಕೂತು "ನನಗೆ" ಅಂದವರಿಗೆ ಮಾತ್ರ ಬಡಿಸುತ್ತಾನೆ. ಬಕೆಟ್ ಮೊದಲು ಹೋಗಿ, ಕೇಳುವವನು ಆಮೇಲೆ ಬಂದು ಕೂತರೆ ಪಾಯಸ ಇಲ್ಲ. ಹಾಗಾಗಿ ಮಕ್ಕಳೇ, ಡಾಟ್ ಓ ಫೈಲ್‌ಗಳು ಮೊದಲು, ಲೈಬ್ರರಿ ಆಮೇಲೆ. ಎಲ್ಲರೂ ನಕ್ಕರು. ನನಗೂ ಬಹಳ ಖುಷಿಯಾಗಿತ್ತು. ಎಷ್ಟು ಚೆನ್ನಾಗಿ ಹೇಳಿಕೊಡುತ್ತೇನಲ್ಲ ಅಂತ ಮನೆಗೆ ಬಂದು ಹೆಂಡತಿಗೂ ಹೇಳಿದ್ದೆ. ಪುರಾಣದ ಬದನೆಕಾಯಿ.

ಮೇಕ್‌ಫೈಲ್ ತೆಗೆದೆವು. ಲೈಬ್ರರಿ ಹೆಸರನ್ನು ಎಲ್‌ಡಿಫ್ಲ್ಯಾಗ್ಸ್ ಅನ್ನೋ ಲಿಂಕರ್ ಆಪ್ಷನ್‌ಗಳ ಜಾಗಕ್ಕೆ ಸೇರಿಸಿಟ್ಟಿತ್ತು. ಅದು ಡಾಟ್ ಓ ಫೈಲ್‌ಗಳಿಗಿಂತ ಮುಂದೆ ಬರುತ್ತೆ. ಫೋಲ್ಡರ್ ದಾರಿಯನ್ನು ಅಲ್ಲಿ ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ಲೈಬ್ರರಿ ಹೆಸರಿಗೆ ಎಲ್‌ಡಿಲಿಬ್ಸ್ ಅಂತ ಬೇರೆ ಜಾಗವೇ ಇದೆ, ಅದನ್ನು ಸಾಲಿನ ಕೊನೆಗೆ ಹಾಕುವುದು ವಾಡಿಕೆ. ಒಂದು ಶಬ್ದ ಬದಲಾಯಿಸಿ, ಕೊನೆಗೆ ಹಾಕಿದೆ. ರೀಡ್_ಫ್ರೇಮ್ ದೂರು ಮಾಯ.

"ಓ, ಇಷ್ಟೇನಾ?" ಅಂದರು ಮ್ಯಾನೇಜರ್.

ಇಷ್ಟೇನಾ. ಈ ಮಾತಿಗೆ ಕಾನೂನಿನಲ್ಲಿ ಒಂದು ಶಿಕ್ಷೆ ಇರಬೇಕಿತ್ತು.

ಈಗ ಯಾರಾದರೂ ಒಬ್ಬರು ನನಗೆ ಉತ್ತರ ಕೊಡಿ. ಯಾರಾದರೂ ಪರವಾಗಿಲ್ಲ. ಲಿಂಕರ್ ಆ ಲೈಬ್ರರಿಯನ್ನು ತೆರೆದು ನೋಡಿದೆ. ರೀಡ್_ಫ್ರೇಮ್ ಅನ್ನೋ ಹೆಸರು ಅದರ ಪಟ್ಟಿಯಲ್ಲಿ ಇತ್ತು. ಆಗ ಯಾರೂ ಕೇಳಲಿಲ್ಲ ಅಂತ ಮುಂದೆ ಹೋಯಿತು. ಸರಿ, ಹೋಗಲಿ. ಆಮೇಲೆ ಕೇಳಿದಾಗ, "ಅಯ್ಯೋ, ಅದು ಹಿಂದೆ ಒಂದು ಲೈಬ್ರರಿಯಲ್ಲಿ ಇತ್ತು ಕಣಪ್ಪಾ, ಸರದಿ ಬದಲಾಯಿಸು" ಅನ್ನೋಕೆ ಏನು ಕಷ್ಟ? ನಮ್ಮ ಮದುವೆ ಮನೆಯಲ್ಲಿ ಬಡಿಸುವವರೇ ಎಷ್ಟೋ ವಾಸಿ. "ಸ್ವಾಮಿ, ಇಲ್ಲಿ" ಅಂದರೆ ತಿರುಗಿ ಬರುತ್ತಾರೆ. ಬರದಿದ್ದರೂ "ಖಾಲಿ ಆಯ್ತು" ಅಂತಾದರೂ ಹೇಳಿ ಹೋಗುತ್ತಾರೆ. ಇವನು ಮಾತ್ರ ಬಕೆಟ್ ಕೈಯಲ್ಲಿ ಹಿಡಿದುಕೊಂಡೇ "ಪಾಯಸ ಅಂದರೆ ಏನು?" ಅಂತ ಕೇಳುತ್ತಾನೆ.

ಮ್ಯಾನುಯಲ್‌ನಲ್ಲಿ ಬರೆದಿದೆ, ಗೊತ್ತು. ಲೈಬ್ರರಿಯನ್ನು ಅದು ಬಂದ ಜಾಗದಲ್ಲಿ ಒಂದೇ ಸಲ ಹುಡುಕುತ್ತೇವೆ ಅಂತ ಸ್ಪಷ್ಟವಾಗಿದೆ. ಸ್ಟಾರ್ಟ್-ಗ್ರೂಪ್ ಅಂತ ಒಂದು ಆಪ್ಷನ್ ಕೊಟ್ಟರೆ ಅದರೊಳಗಿನ ಲೈಬ್ರರಿಗಳನ್ನು ಮತ್ತೆ ಮತ್ತೆ ಸುತ್ತುತ್ತೆ. ಆದರೆ ಅದರಿಂದ ಕೆಲಸ ಬಹಳ ನಿಧಾನ ಆಗುತ್ತೆ ಅಂತ ಅಲ್ಲೇ ಎಚ್ಚರಿಕೆ ಬೇರೆ. ನನ್ನ ಎರಡು ದಿನ ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ಹಾಗಾದರೆ ಲ್ಯಾಪ್‌ಟಾಪ್‌ನಲ್ಲಿ ಹೇಗೆ ನಡೆಯಿತು? ಇದನ್ನು ಕಾಲ್‌ನಲ್ಲಿ ಯಾರೂ ಕೇಳಲಿಲ್ಲ, ದೇವರು ದೊಡ್ಡವನು. ಆಮೇಲೆ ಒಬ್ಬನೇ ಕೂತು ಹುಡುಕಿದೆ. ಟರ್ಮಿನಲ್ ತೆರೆದಾಗ ಓದಿಕೊಳ್ಳುವ ನನ್ನ ಬ್ಯಾಷ್‌ಆರ್‌ಸಿ ಫೈಲ್‌ನಲ್ಲಿ ಒಂದು ಸಾಲು, ಲಿಂಕ್ ಮಾಡುವಾಗ ಎಲ್‌ಎಲ್‌ಡಿ ಬಳಸು ಅಂತ. ಸರ್ವರ್‌ನಲ್ಲಿರುವ ಮಾಮೂಲಿ ಲಿಂಕರ್ ಎಲ್‌ಡಿ ಅಲ್ಲ, ಎಲ್‌ಎಲ್‌ಡಿ, ಎಲ್‌ಎಲ್‌ವಿಎಂನವರ ಲಿಂಕರ್. ವೇಗ ಜಾಸ್ತಿ ಅಂತ ಯಾವತ್ತೋ ನಾನೇ ಹಾಕಿಕೊಂಡು ಮರೆತಿದ್ದೆ. ಅದು ದಾರಿಯಲ್ಲಿ ಕಂಡ ಬಕೆಟ್‌ಗಳನ್ನೆಲ್ಲ ನೆನಪಿಟ್ಟುಕೊಳ್ಳುತ್ತೆ. ಯಾರು ಯಾವಾಗ ಕೇಳಿದರೂ ಹಿಂದೆ ಹೋಗಿ ತಂದು ಬಡಿಸುತ್ತೆ. ಒಳ್ಳೆಯದೇ ಅಲ್ವಾ? ಒಳ್ಳೆಯದೇ. ಆ ಒಳ್ಳೆಯತನವೇ ನನ್ನ ಮಾನ ಕಳೆಯಿತು. ಇನ್ನೊಂದು ಕೇಳಿ, ಉರಿಯೋ ಗಾಯಕ್ಕೆ ಉಪ್ಪು. ಅದರಲ್ಲಿ ವಾರ್ನ್-ಬ್ಯಾಕ್‌ರೆಫ್ಸ್ ಅಂತ ಒಂದು ಆಪ್ಷನ್ ಇದೆ. ಕೊಟ್ಟರೆ "ಸರದಿ ಹಿಂದುಮುಂದಾಗಿದೆ, ಬೇರೆ ಲಿಂಕರ್‌ನಲ್ಲಿ ಒದ್ದಾಡುತ್ತೀಯ" ಅಂತ ಎಚ್ಚರಿಸುತ್ತೆ. ಕೇಳಿದ್ದರೆ ಹೇಳುತ್ತಿತ್ತಂತೆ! ಕೇಳಬೇಕು ಅಂತ ಗೊತ್ತಿದ್ದರೆ ನಾನು ಯಾಕೆ ಕೇಳುವ ಸ್ಥಿತಿಗೆ ಬರುತ್ತಿದ್ದೆ?

ಇಷ್ಟು ವರ್ಷ ಇದೇ ಮೇಕ್‌ಫೈಲ್ ಹೇಗೆ ನಡೆಯಿತು ಅಂತೀರಾ? ಆಗ ಲೈಬ್ರರಿ ಡಾಟ್ ಎಸ್‌ಓ, ಅಂದರೆ ಪ್ರೋಗ್ರಾಂ ಒಳಗೆ ಸೇರದೆ ಬೇರೆಯಾಗಿಯೇ ಉಳಿಯುವ ಫೈಲ್ ಆಗಿತ್ತು, ಸರ್ವರ್ ಸೆಂಟ್‌ಓಎಸ್ 7. ಅಲ್ಲಿ ಡಾಟ್ ಎಸ್‌ಓ ಮುಂದೆ ಬಂದರೂ ತಕರಾರು ಇರಲಿಲ್ಲ. ಉಬುಂಟುನಲ್ಲಿ 11.10ರಿಂದ ಆ ಸಲುಗೆಯೂ ಇಲ್ಲ. ನಮ್ಮ ಗಿರಾಕಿಗೆ ಎಲ್ಲ ಒಂದೇ ಫೈಲ್‌ನಲ್ಲಿ ಬೇಕಂತೆ, ಅದಕ್ಕೆ ಡಾಟ್ ಎ ಮಾಡಿದೆವು. ಯಾವ ಸಾಲು ಯಾರು ಬರೆದದ್ದು ಅಂತ ತೋರಿಸುವ ಗಿಟ್ ಬ್ಲೇಮ್ ಕೂಡ ಹಾಕಿ ನೋಡಿದೆ. ನನ್ನ ಹೆಸರು ಇಲ್ಲ. ಕೆಲಸ ಬಿಟ್ಟು ಊರಿಗೆ ಹೋಗಿ ಕಾಫಿ ತೋಟ ನೋಡಿಕೊಳ್ಳುತ್ತಿರುವವರ ಹೆಸರು ಬಂತು. ನನ್ನದೇ ಹೆಸರು ಇದ್ದಿದ್ದರೆ ಬೈದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರನ್ನು ಹೇಗೆ ಬೈಯೋದು? ಪ್ರತಿ ವರ್ಷ ಕಾಫಿ ಪುಡಿ ಕಳಿಸುತ್ತಾರೆ.

ಹೋಗಲಿ ಬಿಡಿ. ಎಲ್ಲರಿಗೂ ಆಗುತ್ತೆ. ಕಾಲೇಜಿನಲ್ಲಿ ವರ್ಗಮೂಲ ಕಂಡುಹಿಡಿಯುವ ಪ್ರೋಗ್ರಾಂಗೆ ನೇರವಾಗಿ 2 ಕೊಟ್ಟರೆ ನಡೆಯುತ್ತಿತ್ತು, ಎಕ್ಸ್ ಕೊಟ್ಟರೆ ಲಿಂಕ್ ಆಗುತ್ತಿರಲಿಲ್ಲ. 2 ಕೊಟ್ಟಾಗ ಕಂಪೈಲರೇ ಲೆಕ್ಕ ಮಾಡಿ ಉತ್ತರ ತುಂಬಿಬಿಡುತ್ತೆ, ಗಣಿತದ ಲೈಬ್ರರಿಯೇ ಬೇಕಾಗಲ್ಲ ಅಂತ ತಿಳಿಯೋಕೆ ನನಗೆ ಒಂದು ಸೆಮಿಸ್ಟರ್ ಹಿಡಿಯಿತು. ಆ ಲೆಕ್ಕದಲ್ಲಿ ಎರಡು ದಿನ ಕಡಿಮೆಯೇ.

ಏನು ಕಡಿಮೆ? ಹದಿನಾಲ್ಕು ಜನರ ಮುಂದೆ ರೀ!

ಇನ್ನೂ ಮುಗಿದಿಲ್ಲ. ರೀಡ್_ಫ್ರೇಮ್ ಸಿಕ್ಕಿತು ಅಂತ ಎಲ್ಲರೂ ಚಪ್ಪಾಳೆ ತಟ್ಟಿ ಕಾಲ್ ಕಟ್ ಮಾಡಿದರಲ್ಲ, ಅದರ ಕೆಳಗೆ ಆಗಲೇ ಹೊಸ ಎರರ್ ಬಂದಿತ್ತು. "ಅನ್‌ಡಿಫೈನ್ಡ್ ರೆಫರೆನ್ಸ್ ಟು ಪಿಥ್ರೆಡ್_ಕ್ರಿಯೇಟ್." ಇದು ನನಗೆ ಗೊತ್ತು! ನೋಡಿದ ತಕ್ಷಣ ಗೊತ್ತಾಯಿತು. 2021ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.34ರಲ್ಲಿ (ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಮುಖ್ಯ ಸಿ ಲೈಬ್ರರಿ) ಥ್ರೆಡ್‌ಗಳಿಗೆ ಬೇಕಾದ ಪಿಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಗೇ ಸೇರಿಸಿದರು. ಲ್ಯಾಪ್‌ಟಾಪ್‌ನಲ್ಲಿ 2.35, ಅಲ್ಲಿ ಬೇರೆ ಕೇಳುವ ಅಗತ್ಯವಿಲ್ಲ. ಸರ್ವರ್‌ನಲ್ಲಿ 2.31, ಕೇಳಲೇಬೇಕು. ಡಾಟ್ ಎಸ್‌ಓ ಇದ್ದಾಗ ತನಗೆ ಬೇಕಾದವರನ್ನು ತಾನೇ ಕರೆದುಕೊಂಡು ಬರುತ್ತಿತ್ತು, ಡಾಟ್ ಎ ಬರಿಗೈಯಲ್ಲಿ ಬರುತ್ತೆ. ಮೈನಸ್ ಪಿಥ್ರೆಡ್ ಅಂತ ಸೇರಿಸಿದೆ. ಮೂವತ್ತು ಸೆಕೆಂಡ್. ಅಷ್ಟೇ. ಸೊಗಸಾಗಿ ಬಿಲ್ಡ್ ಆಯಿತು.

ಯಾರೂ ನೋಡಲಿಲ್ಲ. ಒಬ್ಬರೂ ಇರಲಿಲ್ಲ. ಅಕ್ಷರ ಇನ್ನೂ ಬಸ್ಸಿನ ಬೋರ್ಡಿನಷ್ಟೇ ದೊಡ್ಡದಿತ್ತು.

ಗುಂಪಿನಲ್ಲಿ "ಪಿಥ್ರೆಡ್ ಸಮಸ್ಯೆಯೂ ಇತ್ತು, ಸರಿ ಮಾಡಿದ್ದೇನೆ" ಅಂತ ಹಾಕಿದೆ. ಹತ್ತು ನಿಮಿಷ ಯಾರದೂ ಉತ್ತರ ಇಲ್ಲ. ಆಮೇಲೆ ಪುಣೆಯವರು ಒಂದು ಫೋಟೋ ಹಾಕಿದರು. ಬೆಳ್ಳಿ ಬಟ್ಟಲು, ಗೋಡಂಬಿ, ದ್ರಾಕ್ಷಿ, ಮೇಲೆ ಕೇಸರಿ ಎಳೆ. ಅದಕ್ಕೆ ಹನ್ನೆರಡು ಲೈಕ್. ಲೈಕ್ ಒತ್ತದೇ ಇದ್ದವಳು ಆ ಹುಡುಗಿ ಒಬ್ಬಳೇ. ನನಗೆ ಬೇರೆಯಾಗಿ ಮೆಸೇಜ್ ಹಾಕಿದ್ದಾಳೆ, "ಸಾರಿ ಸರ್, ತಪ್ಪಾಯಿತಾ?" ಅಂತ. ಇಲ್ಲಮ್ಮ, ನೀನು ಹೇಳಿದ್ದೇ ಸರಿ ಅಂತ ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದೆ.

ನಾಳೆ ಶುಕ್ರವಾರ. ನಮ್ಮ ಕ್ಯಾಂಟೀನ್‌ನಲ್ಲಿ ಶುಕ್ರವಾರಕ್ಕೆ ಶಾವಿಗೆ ಪಾಯಸ. ನಾನು ಮನೆಯಿಂದಲೇ ಡಬ್ಬಿ ತೆಗೆದುಕೊಂಡು ಹೋಗುತ್ತೇನೆ.