ಒರತೆಯ ಮೇಲಿನ ಗುಡ್ಡ

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಲೆನಾಡಿನ ಹಳ್ಳಿಗಳಿಗೆ ಏಪ್ರಿಲ್ ತಿಂಗಳಿನಲ್ಲಿ ಟ್ಯಾಂಕರಿನಲ್ಲಿ ನೀರು ಹೋಗುವುದು ಈಗ ಯಾರಿಗೂ ಆಶ್ಚರ್ಯ ಹುಟ್ಟಿಸುವುದಿಲ್ಲ. ಆದರೆ ಆಶ್ಚರ್ಯಪಡಬೇಕಾದ ಸಂಗತಿ ಇದು. ಸಾಗರ, ಸಿದ್ದಾಪುರ, ಶಿರಸಿ, ಶೃಂಗೇರಿ ಸೀಮೆಯ ಅನೇಕ ಮನೆಗಳಿಗೆ ಒಂದು ಕಾಲದಲ್ಲಿ ಬಾವಿಯ ಅಗತ್ಯವೇ ಇರಲಿಲ್ಲ. ಮನೆಯ ಹಿಂದಿನ ಗುಡ್ಡದಲ್ಲಿ ಒಸರುವ ನೀರನ್ನು ಅಡಿಕೆ ಮರದ ದಬ್ಬೆಯಲ್ಲಿ, ಮುಂದೆ ಕಪ್ಪು ಪೈಪಿನಲ್ಲಿ, ಅಂಗಳಕ್ಕೆ ತಂದುಕೊಂಡರೆ ಅದು ಹಗಲೂ ರಾತ್ರಿ ತಾನೇ ಹರಿದು ಬರುತ್ತಿತ್ತು. ಈ ಅಬ್ಬಿ ನೀರಿಗೆ ಪಂಪು ಬೇಕಿರಲಿಲ್ಲ, ವಿದ್ಯುತ್ತಿನ ಹಂಗೂ ಇರಲಿಲ್ಲ. ಅಂಥ ಒರತೆಗಳು ಈಗ ಫೆಬ್ರವರಿಗೇ ಸೊರಗುತ್ತಿವೆ, ಕೆಲವು ಪೂರ್ತಿ ನಿಂತುಹೋಗಿವೆ.

ಒರತೆ ಸೊರಗಿದಾಗ ನಾವು ಏನು ಮಾಡುತ್ತೇವೆ ಎಂಬುದೇ ನನ್ನ ಮುಖ್ಯ ತಕರಾರು. ನೀರು ಬರುವ ಜಾಗಕ್ಕೆ ಹೋಗಿ ಅಲ್ಲಿಗೆ ಒಂದು ಸಿಮೆಂಟಿನ ತೊಟ್ಟಿ ಕಟ್ಟಿಸುತ್ತೇವೆ. ಅನುದಾನ ಇದ್ದರೆ ಸುತ್ತ ಟೈಲ್ಸ್ ಹಾಸಿ, ಕಂಬಿಬೇಲಿ ನಿಲ್ಲಿಸಿ, ಯೋಜನೆಯ ಹೆಸರಿನ ಫಲಕವನ್ನೂ ನೆಡುತ್ತೇವೆ. ಅದಕ್ಕೂ ಜಗ್ಗದಿದ್ದರೆ ಜೆಸಿಬಿ ತರಿಸಿ ಒರತೆಯ ಬಾಯಿಯನ್ನೇ ಅಗೆಯುತ್ತೇವೆ. ಇವುಗಳಲ್ಲಿ ಯಾವುದೂ ಒರತೆಗೆ ಒಂದು ಕೊಡ ನೀರನ್ನೂ ಹೆಚ್ಚು ಕೊಡುವುದಿಲ್ಲ. ಒರತೆಯ ನೀರು ಹುಟ್ಟುವುದು ಅದು ಕಾಣಿಸಿಕೊಳ್ಳುವ ಜಾಗದಲ್ಲಿ ಅಲ್ಲ. ಅದಕ್ಕಿಂತ ಮೇಲೆ, ಕೆಲವೊಮ್ಮೆ ಬಹಳ ದೂರದಲ್ಲಿ, ಮಳೆ ನೆಲಕ್ಕೆ ಇಳಿಯುವ ಗುಡ್ಡದಲ್ಲಿ. ಆ ಗುಡ್ಡವನ್ನು ಕಾಯದೆ ಒರತೆಯನ್ನು ಮಾತ್ರ ಕಾಯುತ್ತೇವೆ ಎನ್ನುವುದು ಆಗದ ಮಾತು.

ಕರಾವಳಿ ಮತ್ತು ಮಲೆನಾಡಿನ ಬಹುಭಾಗದಲ್ಲಿ ನೆಲದ ರಚನೆ ಹೀಗಿದೆ: ಮೇಲೆ ಸಾವಿರ ತೂತುಗಳ ಮುರಕಲ್ಲು, ಅದರ ಕೆಳಗೆ ಜಿಗುಟಾದ ಶೇಡಿ ಮಣ್ಣು. ಮಳೆಯ ನೀರು ಮುರಕಲ್ಲಿನ ತೂತುಗಳಲ್ಲಿ ನಿಧಾನವಾಗಿ ಇಳಿಯುತ್ತದೆ, ಶೇಡಿಯ ಪದರ ತಲುಪಿದಾಗ ಮುಂದೆ ಇಳಿಯಲಾರದೆ ಅಡ್ಡಕ್ಕೆ ಸರಿಯುತ್ತದೆ, ಗುಡ್ಡದ ಬದಿಯಲ್ಲಿ ಆ ಎರಡು ಪದರಗಳು ಕೂಡುವ ಗೆರೆ ಹೊರಗೆ ತೆರೆದುಕೊಂಡ ಕಡೆ ಒರತೆಯಾಗಿ ಒಸರುತ್ತದೆ. ಜೆಸಿಬಿಯ ಹಲ್ಲು ಈ ಶೇಡಿಯ ಪದರವನ್ನು ಒಡೆದರೆ, ಅದರ ಮೇಲೆ ನಿಂತು ಬರುತ್ತಿದ್ದ ನೀರು ಬೇರೆ ದಾರಿ ಹಿಡಿದು ಕೆಳಗೆ ಇಳಿದುಬಿಡಬಹುದು. ಸಿಮೆಂಟಿನ ಗೋಡೆ ನೀರಿನ ಕಣ್ಣನ್ನು ಮುಚ್ಚಿದರೆ ನೀರು ಪಕ್ಕಕ್ಕೆ ಸರಿದು ಇನ್ನೆಲ್ಲೋ ಜಿನುಗಿ ಹೋಗಬಹುದು. ಬಯಲುಸೀಮೆಯ ಕಲ್ಲುಬೆಟ್ಟಗಳ ಕಥೆ ಬೇರೆ. ಅಲ್ಲಿ ನೀರು ಬಂಡೆಯ ಸೀಳುಗಳಲ್ಲಿ ಸಂಚರಿಸುತ್ತದೆ. ಬರಕ್ಕೆ ಹೆಸರಾದ ಕೋಲಾರದಲ್ಲಿ, ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ, ಕಲ್ಲಿನ ಬಸವನ ಬಾಯಿಂದ ನೀರು ಬರುತ್ತಿರುವುದನ್ನು ನೋಡಿದವರಿಗೆ ಮಳೆಯ ಪ್ರಮಾಣವೊಂದೇ ಒರತೆಯ ಆಯುಸ್ಸನ್ನು ನಿರ್ಧರಿಸುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಸುರಂಗವೂ ಇದೇ ವಿದ್ಯೆಯ ಇನ್ನೊಂದು ಮುಖ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಜನ ಒರತೆಯನ್ನು ಹುಡುಕಿಕೊಂಡು ಗುಡ್ಡದ ಹೊಟ್ಟೆಯೊಳಗೆ ಅಡ್ಡವಾಗಿ ಕೊರೆದುಕೊಂಡು ಹೋದರು. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಅದೇ ಸೀಮೆಯಲ್ಲಿ ಗುಡ್ಡದ ನೆತ್ತಿಯ ಮುರಕಲ್ಲನ್ನು ಯಂತ್ರದಿಂದ ಕೊಯ್ದು ಲಾರಿಗೆ ತುಂಬಿ ಕಳುಹಿಸುವುದಕ್ಕೆ ಮಾತ್ರ ನಮ್ಮಿಂದ ತಡೆ ಬರಲಿಲ್ಲ. ಮಳೆಯ ನೀರನ್ನು ಹೀರಿ ಹಿಡಿದಿಡುತ್ತಿದ್ದ ಕಲ್ಲೇ ಮೇಲಿಂದ ಹೋದ ಮೇಲೆ ಸುರಂಗದಲ್ಲಿ ನೀರು ಎಲ್ಲಿಂದ ಬರಬೇಕು?

ಕಾಡಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮಲೆನಾಡಿನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಟಿ.ವಿ. ರಾಮಚಂದ್ರ ಮತ್ತು ಅವರ ತಂಡದವರು ಶರಾವತಿ, ಅಘನಾಶಿನಿ ಕಣಿವೆಗಳ ಹಳ್ಳಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಕಂಡುಕೊಂಡದ್ದು ಇದು: ಜಲಾನಯನದ ಶೇ 60ಕ್ಕಿಂತ ಹೆಚ್ಚು ಭಾಗದಲ್ಲಿ ಊರಿನ ಮೂಲ ಜಾತಿಯ ಮರಗಳಿರುವಲ್ಲಿ ಹಳ್ಳ ಹನ್ನೆರಡು ತಿಂಗಳೂ ಹರಿಯುತ್ತದೆ, ಒಂದೇ ಜಾತಿಯ ನೆಡುತೋಪು ಇರುವಲ್ಲಿ, ಕಾಡು ಸವೆದು ಬೋಳಾಗಿರುವಲ್ಲಿ, ಮಳೆಗಾಲ ಮುಗಿದ ಕೆಲವೇ ತಿಂಗಳುಗಳಲ್ಲಿ ಬತ್ತುತ್ತದೆ. ಮಳೆ ಎರಡೂ ಕಡೆ ಒಂದೇ. ದರಕು, ಅಂದರೆ ಉದುರಿದ ಒಣ ಎಲೆ, ಕೊಳೆತು ಮೆತ್ತಗಾದ, ಬೇರು ಗೆದ್ದಲು ಎರೆಹುಳುಗಳು ಸಡಿಲಗೊಳಿಸಿದ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ದನ ತುಳಿದು ಬಿಸಿಲಿಗೆ ಗಟ್ಟಿಯಾದ ಮಣ್ಣು ಬಿಟ್ಟುಕೊಳ್ಳುವುದಿಲ್ಲ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ, ನಡುಬೇಸಿಗೆಯಲ್ಲೂ ಕಾಲು ಹೂಳುವಷ್ಟು ತೇವವಿರುತ್ತದೆ. ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುವ ಕುಂಬಾರ ಕಪ್ಪೆಯನ್ನು ವಿಜ್ಞಾನಿಗಳು 2014ರಲ್ಲಿ ಜಗತ್ತಿಗೆ ಪರಿಚಯಿಸಿದ್ದು ಇಂಥ ಹಳ್ಳಗಳಿಂದಲೇ.

ಇಲ್ಲಿ ಅಡಿಕೆ ಬೆಳೆಗಾರರಾದ ನಾವು ಒಂದು ಮಾತನ್ನು ನೇರವಾಗಿ ಆಡಿಕೊಳ್ಳಬೇಕು. ತೋಟದ ಮೇಲಿನ ಸೊಪ್ಪಿನ ಬೆಟ್ಟವನ್ನು ಹಿರಿಯರು ಪಡೆದದ್ದು ಸೊಪ್ಪಿಗೆ, ದರಕಿಗೆ. ಆದರೆ ಆ ಬೆಟ್ಟವೇ ಕೆಳಗಿನ ತೋಟಕ್ಕೆ ನೀರಿನ ಕಣಜವೂ ಆಗಿತ್ತು. ಅದನ್ನು ಸವರಿ ಬೋಳು ಮಾಡಿದ, ಅಂಚನ್ನು ಅಗೆದು ತೋಟಕ್ಕೆ ಸೇರಿಸಿಕೊಂಡ ಎಷ್ಟೋ ಊರುಗಳಲ್ಲಿ ಈಗ ಕೊಳವೆಬಾವಿಗಳು ಒಂದರ ಪಕ್ಕ ಒಂದು ಎದ್ದಿವೆ. ಒರತೆಗೆ ನೀರು ಉಣಿಸುವ ಸೀಳನ್ನೇ ಮೇಲಿನ ಕೊಳವೆಬಾವಿ ಕತ್ತರಿಸಿದರೆ ಕೆಳಗಿನ ನಾಲ್ಕು ಮನೆಗಳ ಅಬ್ಬಿ ನಿಲ್ಲುತ್ತದೆ. ನಿಂತ ಮೇಲೆ ಅವರೂ ಬೋರ್ ಕೊರೆಸುತ್ತಾರೆ. ಯಾರನ್ನೂ ಖಳರೆನ್ನಲು ನಾನು ಸಿದ್ಧನಿಲ್ಲ, ಬಾಯಾರಿದವರು ಮಾಡುವುದನ್ನೇ ಮಾಡಿದ್ದಾರೆ. ಆದರೆ 1882ರ ಈಸ್‌ಮೆಂಟ್ ಕಾಯ್ದೆ, ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ಭೂಮಾಲೀಕ ತನ್ನ ಎಲ್ಲೆಯೊಳಗೆ ಇಷ್ಟಬಂದಂತೆ ಎತ್ತಿಕೊಳ್ಳಬಹುದೆಂದು ಬರೆದಿಟ್ಟಿರುವ ತನಕ, ಒರತೆಯನ್ನು ನಂಬಿದವರ ಕೈಯಲ್ಲಿ ಕಾಗದವೇ ಇಲ್ಲ. ಪಹಣಿಯಲ್ಲಿ ಬಾವಿ ಕಾಣುತ್ತದೆ, ಮರದ ಲೆಕ್ಕ ಕಾಣುತ್ತದೆ. ಮೂರು ತಲೆಮಾರು ಕುಡಿದ ಒರತೆಗೆ ಯಾವ ದಾಖಲೆಯೂ ಇರುವುದಿಲ್ಲ.

ಮಾಡಬಹುದಾದ ಕೆಲಸವನ್ನು ಸಿಕ್ಕಿಂ ಮಾಡಿ ತೋರಿಸಿದೆ. ಅಲ್ಲಿನ ಸರ್ಕಾರ 2008ರಿಂದ ಧಾರಾ ವಿಕಾಸ ಎಂಬ ಹೆಸರಿನಲ್ಲಿ, ಉದ್ಯೋಗ ಖಾತ್ರಿ ಯೋಜನೆಯ ಹಣ ಬಳಸಿ, ಬತ್ತುತ್ತಿದ್ದ ಒರತೆಗಳ ನೀರು ಎಲ್ಲಿ ನೆಲಕ್ಕೆ ಇಳಿಯುತ್ತದೆ ಎಂಬುದನ್ನು ಮೊದಲು ಶೋಧಿಸಿತು. ಕಲ್ಲಿನ ಪದರಗಳು ಯಾವ ಕಡೆಗೆ ವಾಲಿವೆ ಎಂದು ಅಳೆದರೆ ಕೆಲವೊಮ್ಮೆ ಆ ಜಾಗ ಏಣಿನ ಆಚೆ ಮಗ್ಗುಲಲ್ಲಿ, ಬೇರೆ ಊರಿನ ಎಲ್ಲೆಯಲ್ಲಿ ಇರುತ್ತದೆ. ಅಲ್ಲಿ ಗುಂಡಿ, ಅಡ್ಡಗಾಲುವೆ, ಸಣ್ಣ ಹೊಂಡಗಳನ್ನು ಮಾಡಿದ ಮೇಲೆ ಹಲವು ಒರತೆಗಳ ಬೇಸಿಗೆಯ ಹರಿವು ಹೆಚ್ಚಿತು. ಹಿಮಾಲಯದ ಒರತೆಗಳಲ್ಲಿ ಸುಮಾರು ಅರ್ಧದಷ್ಟು ಬತ್ತುತ್ತಿವೆ ಅಥವಾ ಕ್ಷೀಣಿಸುತ್ತಿವೆ ಎಂದು ನೀತಿ ಆಯೋಗದ 2018ರ ವರದಿ ಹೇಳಿದ ಮೇಲೆ ಈ ದಾರಿ ಉಳಿದ ಗುಡ್ಡಗಾಡು ರಾಜ್ಯಗಳಿಗೂ ಮಾದರಿಯಾಯಿತು.

ಹಾಗೆಂದು ಕಂಡಲ್ಲೆಲ್ಲ ಇಂಗುಗುಂಡಿ ತೋಡುವುದನ್ನು ನಾನು ಒಪ್ಪುವುದಿಲ್ಲ. ದಪ್ಪ ಮಣ್ಣಿನ ಕಡಿದಾದ ಇಳಿಜಾರಿನಲ್ಲಿ ನೀರು ಅತಿಯಾಗಿ ಇಂಗಿದರೆ ಗುಡ್ಡವೇ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದುದನ್ನು ಕಂಡ ಮೇಲೆ ಈ ಎಚ್ಚರ ಇರಲೇಬೇಕು. ಇಳಿಜಾರು ಹೆಚ್ಚಿರುವಲ್ಲಿ ನೆಲ ಮುಟ್ಟದೆ, ದನ ಮತ್ತು ಬೆಂಕಿ ಬಾರದಂತೆ ಕಾದು, ಹೊನ್ನೆ, ನಂದಿ, ಮತ್ತಿ, ನೇರಳೆಗಳು ತಾವಾಗಿ ಏಳಲು ಬಿಡುವುದೇ ಸರಿಯಾದ ಚಿಕಿತ್ಸೆ. ಅದಕ್ಕೆ ಹತ್ತಾರು ವರ್ಷ ಬೇಕು, ಫಲಕ ನೆಡುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಎಲ್ಲಕ್ಕೂ ಮೊದಲು ಒರತೆಯನ್ನು ಅಳೆಯಬೇಕು. ಹತ್ತು ಲೀಟರಿನ ಬಕೆಟ್ಟು, ಮೊಬೈಲಿನ ಗಡಿಯಾರ, ಒಂದು ನೋಟು ಪುಸ್ತಕ ಇದ್ದರೆ ಸಾಕು. ಇಪ್ಪತ್ತು ಸೆಕೆಂಡಿಗೆ ಬಕೆಟ್ ತುಂಬಿದರೆ ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಿಡಿಯುತ್ತದೆ. ಆ ಪ್ರಕಾರ ಈ ಸಣ್ಣ ಒರತೆ ಏಳುನೂರಕ್ಕೂ ಹೆಚ್ಚು ಜನರ ಪಾಲಿನ ನೀರು ಕೊಡುತ್ತಿದೆ. ಆದರೂ ಪಂಚಾಯಿತಿಯ ಕಡತದಲ್ಲಿ ಅದು ಬರೀ ಜಿನುಗು. ಪ್ರತಿ ವಾರ ಹೀಗೆ ಅಳೆದು, ಪಕ್ಕದಲ್ಲೇ ಮಳೆಯ ಲೆಕ್ಕವನ್ನೂ ಬರೆದಿಟ್ಟರೆ ಎರಡು ವರ್ಷಗಳಲ್ಲಿ ಒರತೆಯ ಸ್ವಭಾವ ತಿಳಿಯುತ್ತದೆ. ಮಳೆ ಬಂದ ಮರುದಿನವೇ ಉಕ್ಕಿ ಕೂಡಲೇ ಇಳಿಯುವ ಒರತೆಗೆ ಹತ್ತಿರದ ನೆಲವೇ ಮೂಲವಾಗಿರುವ ಸಂಭವ ಹೆಚ್ಚು, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಒರತೆಯ ಹಿಂದೆ ದೊಡ್ಡ ಸಂಗ್ರಹವಿರುತ್ತದೆ.

ಈ ಪುಸ್ತಕವನ್ನು ಹಿಡಿದುಕೊಂಡೇ ಗ್ರಾಮಸಭೆಗೆ ಹೋಗಬೇಕು. ಊರಿನ ಒರತೆಗಳ ಪಟ್ಟಿ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಲಿ, ಒರತೆಯ ಮೇಲಿನ ಗುಡ್ಡದಲ್ಲಿ ಕೊಳವೆಬಾವಿಗೆ, ಕಲ್ಲುಕ್ವಾರಿಗೆ, ರೆಸಾರ್ಟಿಗೆ ಒಪ್ಪಿಗೆ ಕೇಳಿ ಅರ್ಜಿ ಬಂದರೆ ಕೆಳಗೆ ಆ ನೀರು ಕುಡಿಯುವ ಮನೆಗಳವರನ್ನು ಕರೆದು ಕೇಳದೆ ತೀರ್ಮಾನಿಸಬಾರದು ಎಂಬ ಠರಾವು ಆಗಲಿ. ಏಪ್ರಿಲ್‌, ಮೇ ತಿಂಗಳುಗಳ ಕನಿಷ್ಠ ಹರಿವಿನ ಅಳತೆ ಆ ಚರ್ಚೆಯಲ್ಲಿ ನಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಕ್ಷಿ. ಆದ್ದರಿಂದ ಈ ಬೇಸಿಗೆ ಮುಗಿಯುವುದರೊಳಗೆ ನಿಮ್ಮೂರಿನ ಒಂದು ಒರತೆಯನ್ನಾದರೂ ಅಳೆಯಲು ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ.