ಒಂದು ಸೂತ ಫರಕ್

ಕಂಪ್ಯೂಟರ್ ಡಬ್ಬಿಯನ್ನು ಮನೆಯಲ್ಲೇ ಸಿಂಗರಿಸುವುದು ಹೇಗೆಂದು ವಿಡಿಯೋ ಮಾಡುವವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ‘ಮೊದಲು ನಿಮ್ಮ ಹೋಲ್ ಸಾ (ತಗಡಿನಲ್ಲಿ ದುಂಡು ತೂತು ಕೊಯ್ಯುವ ಗರಗಸ) ತಗೊಳ್ಳಿ’ ಅಂತಲೇ ಶುರುಮಾಡುತ್ತಾರೆ, ಎಲ್ಲರ ಅಡುಗೆಮನೆಯಲ್ಲೂ ಈಳಿಗೆಮಣೆಯ ಪಕ್ಕ ಅದೊಂದು ಇರುತ್ತದೆ ಎಂಬಂತೆ. ಬೀದರಿನಲ್ಲಿ ನಮ್ಮ ಮನೆಯಲ್ಲಿರುವುದು ಒಂದು ಸ್ಕ್ರೂಡ್ರೈವರ್. ಅದೂ ಪಕ್ಕದ ಮನೆಯಲ್ಲಿರುತ್ತದೆ.

ನನ್ನದು ಕೆನೆ ಬಣ್ಣದ ಸಾದಾ ಕ್ಯಾಬಿನೆಟ್ಟು. ಆಸೆಯೇನೂ ದೊಡ್ಡದಲ್ಲ: ಪಕ್ಕದ ತಗಡಿಗೆ ಅಕ್ರಿಲಿಕ್ ಕಿಟಕಿ, ಬಿಸಿಗಾಳಿ ಹೊರಗೆ ತಳ್ಳಲು ನೆತ್ತಿಯ ಮೇಲೆ 120 ಎಂಎಂ ಫ್ಯಾನು, ಬಿದ್ರಿ ಸಾಮಾನಿನ ಕಪ್ಪು ಬಣ್ಣ, ಅಂಚಿಗೆ ಬೆಳ್ಳಿ ಬಳ್ಳಿ. ಗಂಜ್ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ವೈರು ಹಾಯಿಸುವ ತೂತಿಗೆ ರಬ್ಬರ್ ಬಳೆ ಕೇಳಿದರೆ ನಳದ ವಾಷರ್ ಕೊಟ್ಟರು. ಕೊಯ್ದ ಅಂಚಿಗೆ ಹಾಕುವ ಬೀಡಿಂಗ್ ಮಾತ್ರ ಜೀಪಿನ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು.

ಕೊಯ್ಯುವ ಕೆಲಸಕ್ಕೆ ಉಸ್ತಾದರೇ ಗತಿ. ಜೀವಮಾನವೆಲ್ಲ ಗೇಟು, ಗ್ರಿಲ್ಲು ಮಾಡಿದವರು. ತಗಡನ್ನು ಹೆಬ್ಬೆರಳಿನಿಂದ ಅದುಮಿ, “ಇದು ಯಾನ್ ರೀ ಸರ, ಎಣ್ಣಿ ಡಬ್ಬಿ ಅದ” ಅಂದರು.

ನನ್ನ ಲೆಕ್ಕ ಮಿಲಿಮೀಟರ್, ಅವರದು ಸೂತ. ಇಂಚಿಗೆ ಎಂಟು ಸೂತ. ಫ್ಯಾನಿನ ಸ್ಕ್ರೂ ತೂತುಗಳ ನಡುವೆ 105 ಎಂಎಂ ಬರಬೇಕೆಂದೆ. “ನಾಕ ಇಂಚ, ಒಂದ ಸೂತ” ಎಂದು ಬೀಡಿ ಕೆಳಗಿಡದೆ ಹೇಳಿದರು. ಮನೆಗೆ ಬಂದು ಲೆಕ್ಕ ಹಾಕಿದರೆ ಸರಿಯೇ ಇತ್ತು, ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ಇಷ್ಟು ಗೊತ್ತಿರುವ ಮನುಷ್ಯ ಗುರುತು ಹಾಕುವಾಗ ಟೇಪು ಬಿಟ್ಟು ಗೇಣು ಹಾಕುವುದೇ? ಮೂರು ಸ್ಕ್ರೂ ಕೂತವು, ನಾಲ್ಕನೆಯದಕ್ಕೆ ತೂತೇ ಸಿಗಲಿಲ್ಲ. “ಒಂದ ಸೂತ ಫರಕ್ ಬಂದ್ರ ಯಾನ್ ಆತದ ರೀ?” ಕಿಟಕಿ ವಾರೆಯಾಯಿತು, ಸೂತ ಫರಕ್. ಕಬ್ಬಿಣದ ಪುಡಿ ಬಿದ್ದರೆ ಶಾರ್ಟ್ ಆಗುತ್ತದೆಂದು ನಾನು ಮದರ್‌ಬೋರ್ಡ್ ಬಿಚ್ಚುತ್ತಿದ್ದರೆ, “ಇರ್ಲಿ ಬಿಡ್ರಿ, ಊದಿದ್ರ ಹೋತದ.” ನಾಳೆ ಬರ್ರಿ ಎಂದವರು ವಾರ ದಾಟಿಸಿದರು. ಕೇಳಿದರೆ ಅದೂ ಸೂತ ಫರಕ್ಕೇ.

ಕೊನೆಗೆ ತಗಡು ಕೈಗೆ ಬಂದಾಗ ಕಿಟಕಿಗೆ ಅಡ್ಡಡ್ಡ ಸರಳು ಇದ್ದವು. ನಟ್ಟನಡುವೆ ಒಂದು ನವಿಲು.

“ಉಸ್ತಾದ್, ಇದೇನ್ರೀ?”

“ಕಿಟಕಿ ಅಂದ್ರಲ್ರೀ ಸರ. ಗ್ರಿಲ್ ಇಲ್ದ ಕಿಟಕಿ ಹ್ಯಾಂಗ ಮಾಡ್ಬೇಕು? ಯಾರರೆ ಕೈ ಹಾಕಿದ್ರ?”

ಬಾಗಿಲಿಗೆ ಹಾಕುವ ಕಬ್ಜಾ (ಕೀಲು), ಚಿಲಕ, ಬೀಗದ ಕೊಂಡಿಯನ್ನೂ ಹಚ್ಚಿದ್ದರು. ವೆಲ್ಡಿಂಗಿನ ಕಾವಿಗೆ ತಗಡು ಅಲ್ಲಲ್ಲಿ ಸುಟ್ಟು ತೂತಾಗಿತ್ತು. ಗಾಳಿ ಆಡ್ತದ ಅಂದರು. (ಕಬ್ಜಾದಿಂದ ಉಪಕಾರವಾಯಿತು ಅನ್ನಿ. ನಮ್ಮೂರ ಕೆಂಪು ಧೂಳು ಒರೆಸಲು ಈಗ ಸ್ಕ್ರೂ ಬಿಚ್ಚಬೇಕಿಲ್ಲ. ಅವರಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ.)

ಬರುವಾಗ ಚೌಬಾರಾ ರಸ್ತೆಯಲ್ಲಿ ಒಂದು ಬಿದ್ರಿ ಅಂಗಡಿ ಮುಂದೆ ನಿಂತೆ. ವಯಸ್ಸಾದವರೊಬ್ಬರು ಮೈಲುತುತ್ತ ಸವರಿ ಕಪ್ಪು ಮಾಡಿದ ಹೂಜಿಯ ಮೇಲೆ ಸ್ಕೇಲಿಲ್ಲದೆ, ಗೆರೆಯಿಲ್ಲದೆ ಉಳಿಯಿಂದ ಬಳ್ಳಿ ಕೊರೆಯುತ್ತಿದ್ದರು. ಬೆಳ್ಳಿ ತಂತಿ ಇಟ್ಟು ಬಡಿದರು, ಗೀರಿನೊಳಗೆ ಕೂತೇಬಿಟ್ಟಿತು. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಬಿಸಿ ಮೈಗೆ ತಿಕ್ಕಿದರೆ ಹೂಜಿ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಪಕ್ಕದಲ್ಲಿ ಕಲಿಯುವ ಹುಡುಗ ಯಾರೂ ಕಾಣಲಿಲ್ಲ. ಬಿಟ್ಟು ಬರಲು ಮನಸ್ಸಾಗಲಿಲ್ಲ.

ನನ್ನ ಸ್ಪ್ರೇ ಡಬ್ಬಿಗೆ ಅಷ್ಟು ವಿವೇಕವಿಲ್ಲ. ಮೇ ಬಿಸಿಲಿಗೆ ಬಣ್ಣ ತಗಡು ಮುಟ್ಟುವ ಮೊದಲೇ ಒಣಗಿ ಮರಳುಮರಳಾಯಿತು. ಗಾಳಿಗೆ ಹಾರಿದ್ದು ಮಾತ್ರ ತುಳಸಿಕಟ್ಟೆಯ ಮೇಲೆ ನುಣ್ಣಗೆ ಕೂತಿದೆ. ಅಮ್ಮ ಮಾತು ಬಿಟ್ಟಿದ್ದಾಳೆ.

ನಿನ್ನೆ ಉಸ್ತಾದರಿಗೆ ದುಡ್ಡು ಕೊಡಲು ಹೋದೆ. ಗ್ರಿಲ್ ಕೆಲಸಕ್ಕೆ ಕಿಲೋ ಲೆಕ್ಕ. ನನ್ನ ತಗಡನ್ನೂ ಸೇರಿಸಿಯೇ ತೂಗಿ ಬರೆದಿಟ್ಟಿದ್ದರು.

“ತಗಡು ನಂದೇ ಅಲ್ರೀ ಉಸ್ತಾದ್?”

“ಅದರದು ಯಾನ್ ತೂಕ ರೀ ಸರ,” ಅಂದರು, “ಒಂದ ಸೂತ!”