ಸತ್ತರೂ ಬಿಡದ ಪ್ರಿಪೊಸಿಷನ್

ಮೀಟಿಂಗ್ ಶುರುವಾಗಿ 5 ನಿಮಿಷ ಆಗಿತ್ತು. ಹಿಂದಿನ ಸಾಲಿನ ಹುಡುಗ ಎದ್ದು ನಿಂತು, "ಸರ್, ವಿ ಶುಡ್ ಡಿಸ್ಕಸ್ ಅಬೌಟ್ ದಿ ಲೀಕೇಜ್" ಅಂದ. ಮೇಲಿನ ಮಹಡಿಯಲ್ಲಿ ಪೈಪ್ ಒಡೆದು ನೀರು ಫೈಲುಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಸಾಹೇಬರು ಕನ್ನಡಕ ತೆಗೆದರು. "ಡಿಸ್ಕಸ್ ಆದಮೇಲೆ ಅಬೌಟ್ ಬರಲ್ಲ ಕಣಯ್ಯಾ" ಎಂದರು. ಮುಂದಿನ 20 ನಿಮಿಷ ಚರ್ಚೆ ನಡೆದದ್ದು ಅಬೌಟ್ ಬಗ್ಗೆ. ನೀರು ತನ್ನ ಪಾಡಿಗೆ ತಾನು ತೊಟ್ಟಿಕ್ಕುತ್ತಲೇ ಇತ್ತು.

ಸಾಹೇಬರು ಹೇಳಿದ್ದು ಸರಿಯೇ. ಅಬೌಟ್, ಫಾರ್, ಟು, ಆಫ್ ಥರದ ಈ ಪುಟ್ಟ ಪದಗಳೇ ಪ್ರಿಪೊಸಿಷನ್. ಡಿಸ್ಕಸ್‌ಗೆ ಅಬೌಟ್ ಬೇಡ, ಟಾಕ್‌ಗೆ ಬೇಕು. ಆಯ್ತಪ್ಪ ಅಂತ ಒಪ್ಪಿಕೊಂಡು ಹೊರಟರೆ, ಅದೇ ಡಿಸ್ಕಸ್ ನಾಮಪದವಾಗಿ ಡಿಸ್ಕಷನ್ ಆದ ಕೂಡಲೇ ಅಬೌಟ್ ಹಿತ್ತಿಲ ಬಾಗಿಲಿಂದ ಬಂದು ಕೂತಿರುತ್ತದೆ. ರಿಕ್ವೆಸ್ಟ್ ಕ್ರಿಯಾಪದವಾದರೆ ಫಾರ್ ಬೇಡ, 'ಎ ರಿಕ್ವೆಸ್ಟ್' ಆದರೆ ಬೇಕು. ಪ್ರಶ್ನೆಯನ್ನು ಆನ್ಸರ್ ಮಾಡುವಾಗ ಟು ಇಲ್ಲ, ಉತ್ತರ ಬರೆದು ಮುಗಿಸಿದರೆ ಅದು 'ಆನ್ಸರ್ ಟು ದಿ ಕ್ವೆಶ್ಚನ್'. ಕೋಣೆಯನ್ನು ಎಂಟರ್ ಆಗಲು ಇಂಟು ಬೇಕಿಲ್ಲ, ಒಪ್ಪಂದಕ್ಕೆ ಬೇಕು. ಒಪ್ಪಂದದ ಒಳಗೆ ಹೋದವರು ಸುಲಭಕ್ಕೆ ಹೊರಗೆ ಬರಲ್ಲ ಅಂತ ಇರಬೇಕು.

ಆ ಹುಡುಗನ ತಪ್ಪಿಗೂ ಕಾರಣ ಇದೆ. 'ಲೀಕೇಜ್ ಬಗ್ಗೆ ಚರ್ಚಿಸೋಣ' ಅಂತೀವಲ್ಲ, ಆ 'ಬಗ್ಗೆ'ಯೇ ಅಬೌಟ್ ವೇಷ ಹಾಕಿಕೊಂಡು ಬರುತ್ತದೆ. 'ಅವಳ ಜೊತೆ ಮದುವೆ' ಅಂತ ಯೋಚಿಸಿದವನು 'ಮ್ಯಾರೀಡ್ ವಿತ್ ಹರ್' ಅನ್ನುತ್ತಾನೆ. 'ಅವಳನ್ನು ಮದುವೆಯಾದೆ' ಅಂತ ಯೋಚಿಸಿದ್ದರೆ ಇಂಗ್ಲಿಷೂ ಸರಿಯಾಗುತ್ತಿತ್ತು. ವಿತ್ ಹಾಕಿದವನ ಸಂಸಾರ ಮಾತ್ರ ಚೆನ್ನಾಗಿಯೇ ನಡೆದಿರುತ್ತದೆ ಬಿಡಿ.

ಇನ್ನು ಪರೀಕ್ಷೆಯ 'ಬಿಟ್ಟ ಸ್ಥಳ ತುಂಬಿರಿ'. 'ಹಿ ಡೈಡ್ ಡ್ಯಾಶ್ ಕಾಲರಾ.' ಒಬ್ಬ ಮನುಷ್ಯ ಸತ್ತು ಬಿದ್ದಿದ್ದಾನೆ. ಪಕ್ಕದಲ್ಲಿ ಒಂದು ಗೆರೆ. ಗೆರೆಯ ಮೇಲೆ ಆಫ್ ಬರೆದರೆ 1 ಮಾರ್ಕು. ರೋಗಕ್ಕೆ ಆಫ್, ಗಾಯಕ್ಕೆ ಫ್ರಮ್, ದೇಶಕ್ಕಾದರೆ ಫಾರ್ ಅಂತ ಗೈಡುಗಳು ಬಾಯಿಪಾಠ ಮಾಡಿಸುತ್ತವೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರು ರೋಗಕ್ಕೂ ಫ್ರಮ್ ಹಾಕಿ ಆರಾಮಾಗಿದ್ದಾರೆ. ಮಾರ್ಕು ಹೋಗುವುದು ನಮ್ಮದು.

ಈ ಪುಟ್ಟ ಪದಗಳಿಗೆ ನಿಜವಾಗಲೂ ಕೆಲಸ ಇರುವ ಜಾಗಗಳೂ ಇವೆ. ಚೆಂಡನ್ನು ಒಬ್ಬನಿಗೆ 'ಥ್ರೋ ಟು' ಮಾಡಿದರೆ ಅವನು ಹಿಡಿಯಲಿ ಅಂತ. 'ಥ್ರೋ ಅಟ್' ಮಾಡಿದರೆ ಅವನಿಗೆ ತಾಗಲಿ ಅಂತ. ಒಂದು ಚೆಂಡು ಇದ್ದರೆ ಎರಡೇ ನಿಮಿಷದ ಪಾಠ, ಯಾರೂ ಮರೆಯಲ್ಲ. ಅದು ಬಿಟ್ಟು ಹೆಣದ ಪಕ್ಕ ಗೆರೆ ಎಳೆದು ಕೂರುತ್ತಾರೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಮ್ಮ ಹಾಗೆ ಪದದ ಬಾಲಕ್ಕೆ ವಿಭಕ್ತಿ ಅಂಟುತ್ತಿತ್ತು. ಬರಬರುತ್ತಾ ಬಾಲ ಸವೆದು ಹೋಯಿತು. ಆ ಕೆಲಸವೂ ಪ್ರಿಪೊಸಿಷನ್‌ಗಳ ತಲೆಗೆ ಬಿತ್ತು. ಕೆಲಸ ಜಾಸ್ತಿ, ಆಳು ಕಡಿಮೆ. ಯಾರು ಎಲ್ಲಿ ಡ್ಯೂಟಿ ಮಾಡಬೇಕು ಅಂತ ಕೂತು ಹಂಚಿದವರಿಲ್ಲ. ಸುಮ್ನೆ ಸಿಕ್ಕವರು ಸಿಕ್ಕ ಕ್ರಿಯಾಪದದ ಪಕ್ಕ ನಿಂತುಬಿಟ್ಟರು. ಇವತ್ತಿಗೂ ಬ್ರಿಟಿಷರು ತೀರ್ಪಿನ 'ಅಗೇನ್ಸ್ಟ್' ಅಪೀಲ್ ಹೋದರೆ, ಅಮೆರಿಕದವರು ಅಗೇನ್ಸ್ಟ್ ಇಲ್ಲದೆ ನೇರವಾಗಿ ತೀರ್ಪನ್ನೇ ಅಪೀಲ್ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಫಾರಂ ಫಿಲ್ ಇನ್, ಅಮೆರಿಕದಲ್ಲಿ ಫಿಲ್ ಔಟ್. ಒಳಗೆ ತುಂಬಿದರೂ ಹೊರಗೆ ತುಂಬಿದರೂ ಅದೇ ಹೆಸರು, ಅದೇ ವಿಳಾಸ.

ತಪ್ಪು ಹಿಡಿಯುವ ಚಟ ಹಳೆಯದು. 1672ರಲ್ಲಿ ಕವಿ ಜಾನ್ ಡ್ರೈಡನ್, ನಾಟಕಕಾರ ಬೆನ್ ಜಾನ್ಸನ್ ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇಟ್ಟಿದ್ದಾನೆ ಅಂತ ಆಕ್ಷೇಪ ಎತ್ತಿದ. ಆ ಹೊತ್ತಿಗೆ ಜಾನ್ಸನ್ ಸತ್ತು 35 ವರ್ಷ ಆಗಿತ್ತು.

ಅಂದಹಾಗೆ, ಮೀಟಿಂಗಿನ ಮಾರನೇ ದಿನ ಸಾಹೇಬರ ಸರ್ಕ್ಯುಲರ್ ಬಂತು. ಪೈಪ್ ನೋಡಲು ಕಮಿಟಿ. 'ದಿ ಕಮಿಟಿ ಕಂಪ್ರೈಸಸ್ ಆಫ್ ಫೈವ್ ಮೆಂಬರ್ಸ್' ಅಂತ ಇತ್ತು. ಕಂಪ್ರೈಸ್ ಆದಮೇಲೆ ಆಫ್ ಬರಲ್ಲ. ನಾವು ಐದೂ ಜನ ಒಂದು ಸಲ ಓದಿದೆವು, ಇನ್ನೊಂದು ಸಲ ಓದಿದೆವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಸಹಿ ಹಾಕಿದೆವು. ಕಾಗದದ ಮೂಲೆ ಆಗಲೇ ಒದ್ದೆಯಾಗಿತ್ತು.